ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾ? ಹೊಣೆ ಹೊರುವುದನ್ನು ಹೀಗೆ ಕಲಿಯಿರಿ

ದಾವಣಗೆರೆ ಕಡೆ ಒಬ್ಬರ ಕೆಲಸ ಮೆಚ್ಚುಗೆಯಾದರೆ ಜನ ಜಾಸ್ತಿ ಮಾತಾಡುವುದಿಲ್ಲ. "ಅವನಿಗೆ ಒಂದ್ಸಲ ಹೇಳಿದ್ರೆ ಸಾಕ್ರೀ" ಅಂತಾರೆ, ಅಷ್ಟೇ. ಆ ಮಾತನ್ನು ಗಳಿಸುವುದು ಹೇಗೆ ಅನ್ನುವುದಕ್ಕೆ ಈ ಲೇಖನ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಿಹರದ ಕಡೆಯಿಂದ ಪಿಯುಸಿ, ಐಟಿಐ, ಡಿಗ್ರಿ ಮುಗಿಸಿ ಇಲ್ಲಿಗೆ ಬಂದವರು ತುಂಬಾ ಜನ ಇದ್ದಾರೆ. ಬಟ್ಟೆ ಅಂಗಡಿ, ಆಸ್ಪತ್ರೆ, ಹೋಟೆಲ್, ಶೋರೂಮ್, ಎಪಿಎಂಸಿ ಮಂಡಿಗಳಲ್ಲಿ ಮೊದಲ ಸಂಬಳ ಎಣಿಸುತ್ತಿರುವ ಆ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೈಮುರಿದು ದುಡಿಯುವವರಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ನನಗೆ ಕಾಣುವ ಕೊರತೆ ಬೇರೆ. ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಅದರ ಚಿಂತೆ ಮಾಡದ ಹಾಗೆ ನೋಡಿಕೊಳ್ಳುವವರು ಕಡಿಮೆ. ಇದು ಹುಟ್ಟಿನಿಂದ ಬರುವ ಗುಣ ಅಂತ ನಾನು ನಂಬುವುದಿಲ್ಲ. ಈಜು ಕಲಿತ ಹಾಗೆ ಕಲಿಯಬಹುದು, ಒಂದೊಂದೇ ಹೆಜ್ಜೆ.

1. ತಲೆ ಆಡಿಸುವ ಮೊದಲು ಕೇಳಿ

ಮಂಡಿಪೇಟೆಯ ಒಂದು ಬಟ್ಟೆ ಅಂಗಡಿ ಅಂದುಕೊಳ್ಳಿ. ದೀಪಾವಳಿ ಹತ್ತಿರ ಬಂದಿದೆ. ಸಾಹುಕಾರರು ಗಡಿಬಿಡಿಯಲ್ಲಿ "ತಮ್ಮಾ, ಆ ಸ್ಟಾಕ್ ಸ್ವಲ್ಪ ನೋಡಪಾ" ಅಂದು ಹೋಗುತ್ತಾರೆ. ಹುಡುಗ "ಆಯ್ತ್ರೀ" ಅನ್ನುತ್ತಾನೆ. ಅವನು ಸೀರೆಗಳನ್ನು ನೀಟಾಗಿ ಜೋಡಿಸುತ್ತಾನೆ. ಸಾಹುಕಾರರಿಗೆ ಬೇಕಾಗಿದ್ದದ್ದು ಯಾವ ಸೈಜಿನ ಶರ್ಟ್ ಎಷ್ಟು ಉಳಿದಿದೆ ಅನ್ನುವ ಲೆಕ್ಕ. ಸಂಜೆ ಬೈಗುಳ ಗ್ಯಾರಂಟಿ. ಹುಡುಗ ಸೋಮಾರಿ ಏನಲ್ಲ, ಇಡೀ ದಿನ ದುಡಿದಿದ್ದಾನೆ. ಆದರೆ ಕೇಳಲಿಲ್ಲ.

ಕೆಲಸ ಹೇಳಿದಾಗ ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಏನು ಆಗಬೇಕು? ಯಾವಾಗಿನೊಳಗೆ? ಯಾರಿಗೆ ಕೊಡಬೇಕು? ನಡುವೆ ತೊಡಕಾದರೆ ಯಾರನ್ನು ಕೇಳಬೇಕು? ಆಮೇಲೆ ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ: "ಶರ್ಟ್ ಸೈಜ್ ಪ್ರಕಾರ ಎಣಿಸಿ, ನಾಲ್ಕು ಗಂಟೆಯೊಳಗೆ ನಿಮ್ಮ ಟೇಬಲ್ ಮೇಲೆ ಇಡ್ತೀನಿ, ಸರಿನಾ ಅಣ್ಣಾ?" ಅರ್ಧ ನಿಮಿಷದ ಮಾತು. ಅರ್ಧ ದಿನ ಉಳಿಸುತ್ತದೆ.

ಜಾಸ್ತಿ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನುವ ಭಯ ಹಳ್ಳಿಯಿಂದ ಬಂದ ಮಕ್ಕಳಿಗೆ ತುಂಬಾ ಇರುತ್ತದೆ. ಆ ಭಯ ಬಿಡಿ. ಮೊದಲ ತಿಂಗಳು ಕೇಳುವುದು ಯಾರಿಗೂ ಬೇಸರವಲ್ಲ. ಆರು ತಿಂಗಳಾದ ಮೇಲೂ ಅದೇ ಪ್ರಶ್ನೆ ಕೇಳಿದರೆ ಬೇಸರ. ಹಾಗಾಗಿ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಒಮ್ಮೆ ಕೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಬರೆದುಕೊಂಡರೂ ನಡೆಯುತ್ತದೆ. ಆದರೆ ಗಿರಾಕಿ ಮುಂದೆ ಮೊಬೈಲ್ ಹಿಡಿದರೆ ನೀವು ಬರೆಯುತ್ತಿದ್ದೀರಿ ಅಂತ ಯಾರೂ ನಂಬುವುದಿಲ್ಲ.

2. ನಿಮ್ಮ ಕೆಲಸ ಮುಂದೆ ಯಾರ ಕೈಗೆ ಹೋಗುತ್ತದೆ, ಅವರನ್ನು ನೋಡಿ ಬನ್ನಿ

ಈ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಇದೇ.

ನಮ್ಮೂರ ಬೆಣ್ಣೆ ದೋಸೆಯನ್ನೇ ತೆಗೆದುಕೊಳ್ಳಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವವರು ಇಲ್ಲಿ ರಾಗಿ ದೋಸೆ ಮಾಡಿ ಮಾರಲು ಶುರುಮಾಡಿದರು, ಅಕ್ಕಿ ಹಿಟ್ಟು, ಬೆಣ್ಣೆ ಎಲ್ಲ ಅವರ ಮಕ್ಕಳ ಕಾಲಕ್ಕೆ ಬಂತು ಅನ್ನುವ ಮಾತು ಊರಿನಲ್ಲಿದೆ. ಇವತ್ತು ದೋಸೆ ತಿನ್ನಲು ಹೋದವರ ಕಣ್ಣಿಗೆ ಬೀಳುವುದು ಕಾವಲಿ ಮುಂದೆ ನಿಂತವರು ಮಾತ್ರ. ಆದರೆ ದೋಸೆಯ ಹಣೆಬರಹ ಹಿಂದಿನ ದಿನವೇ ನಿರ್ಧಾರ ಆಗಿರುತ್ತದೆ. ಅಕ್ಕಿ, ಉದ್ದು ನೆನೆಹಾಕಿದವರು ಹೊತ್ತು ಸರಿಯಾಗಿ ನೋಡಬೇಕು. ರುಬ್ಬುವವರು ಮಂಡಕ್ಕಿ ಸೇರಿಸಿ ನುಣ್ಣಗೆ ರುಬ್ಬಬೇಕು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದು ನಿಧಾನ, ಬೇಸಿಗೆಯಲ್ಲಿ ಬೇಗ. ಅದಕ್ಕೆ ತಕ್ಕಂತೆ ರುಬ್ಬುವ ಹೊತ್ತು ಬದಲಿಸಬೇಕು. ರಾತ್ರಿ ಇವರು "ನಡೆಯುತ್ತೆ ಬಿಡು" ಅಂದರೆ ಬೆಳಗ್ಗೆ ಕಾವಲಿ ಮುಂದೆ ನಿಂತವರು ಎಷ್ಟು ಬೆಣ್ಣೆ ಹಾಕಿದರೂ ದೋಸೆ ಗರಿಗರಿ ಆಗುವುದಿಲ್ಲ. ಬೈಗುಳ ತಿನ್ನುವವರು ಅವರು. ತಪ್ಪು ಮಾಡಿದವರು ಮನೆಯಲ್ಲಿ ಮಲಗಿರುತ್ತಾರೆ.

ಮಂಡಕ್ಕಿ ಭಟ್ಟಿಯಲ್ಲೂ ಹೀಗೇ. ಭತ್ತ ನೆನೆಸುವುದು, ಒಣಗಿಸುವುದು, ಅಕ್ಕಿ ಮಾಡುವುದು, ಉಪ್ಪು ಬೆರೆಸುವುದು, ಕೊನೆಗೆ ಕಾದ ಮರಳಿನಲ್ಲಿ ಹುರಿಯುವುದು. ಒಣಗಿಸುವ ಹಂತದಲ್ಲಿ ಎಚ್ಚರ ತಪ್ಪಿದರೆ ಮರಳಿನಲ್ಲಿ ಅದು ಅರಳುವುದಿಲ್ಲ. ಬೆಂಕಿ ಮುಂದೆ ಬೆವರು ಸುರಿಸಿದವರ ಶ್ರಮ ದಂಡ.

ಭದ್ರಾ ನಾಲೆಯ ಕೊನೆಭಾಗದ ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರು ಎತ್ತಿಕೊಂಡವರಿಗೆ ಕೆಳಗಿನ ಒಣಗಿದ ಗದ್ದೆ ಕಾಣಿಸುವುದೇ ಇಲ್ಲ. ಕಂಡಿದ್ದರೆ ಸ್ವಲ್ಪವಾದರೂ ಕೈ ಹಿಡಿಯುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಾಗಿ ಸೇರಿದ ಮೊದಲ ವಾರದಲ್ಲೇ ಬಿಡುವು ಮಾಡಿಕೊಂಡು, ನಿಮ್ಮ ಕೆಲಸ ಮುಗಿದ ಮೇಲೆ ಅದು ಹೋಗುವ ಜಾಗಕ್ಕೆ ಹೋಗಿ. ಬಿಲ್ ಹಾಕುವವರು ನೀವಾದರೆ ಗೋದಾಮಿಗೆ ಹೋಗಿ. ಗೋದಾಮಿನವರಾದರೆ ಲಾರಿ ಲೋಡ್ ಮಾಡುವವರ ಹತ್ತಿರ ಹೋಗಿ. "ಅಣ್ಣಾ, ನಮ್ಮಿಂದ ಬರೋ ಚೀಟಿಯಲ್ಲಿ ನಿಮಗೆ ಏನು ತೊಂದರೆ ಆಗುತ್ತೆ?" ಅಂತ ಕೇಳಿ. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು, ಉತ್ತರ ಧಾರಾಳವಾಗಿ ಬರುತ್ತದೆ. ನೀವು ಬರೆದ 7 ಅವರ ಕಣ್ಣಿಗೆ 1 ಆಗಿ ಕಾಣುತ್ತಿರಬಹುದು. ಲಾಟ್ ನಂಬರ್ ಚೀಟಿಯ ಮೂಲೆಯಲ್ಲಿ ಇರುವುದರಿಂದ ಹರಿದು ಹೋಗುತ್ತಿರಬಹುದು. ಇಂಥವನ್ನು ಸರಿಮಾಡಲು ದುಡ್ಡು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ದೊಡ್ಡದು. ಪಾಳಿ ಬದಲಾಗುವಾಗ ಯಾವ ಬೆಡ್ಡಿನ ರೋಗಿಗೆ ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಾಗಿದೆ, ಡ್ರಿಪ್ ಯಾವಾಗ ಮುಗಿಯುತ್ತದೆ, ಯಾವ ರಿಪೋರ್ಟ್ ಇನ್ನೂ ಬಂದಿಲ್ಲ ಅನ್ನುವುದನ್ನು ಬಾಯಲ್ಲೂ ಹೇಳಿ, ಬರೆದೂ ಕೊಡಿ. ಬಸ್ಸಿಗೆ ಹೊತ್ತಾಯಿತು ಅಂತ ಬಾಯಿಮಾತಲ್ಲೇ ಮುಗಿಸಬೇಡಿ.

3. ಹೊತ್ತಿಗೆ ಸರಿಯಾಗಿ

ಇದರ ಬಗ್ಗೆ ಎಲ್ಲರೂ ಹೇಳಿ ಮುಗಿಸಿದ್ದಾರೆ, ಉದ್ದ ಎಳೆಯುವುದಿಲ್ಲ. ಹಳ್ಳಿಯಿಂದ ದಿನಾ ಓಡಾಡುವವರು ಸರಿಯಾಗಿ ತಲುಪಿಸುವ ಬಸ್ಸನ್ನು ನಂಬಬೇಡಿ, ಅದಕ್ಕಿಂತ ಮೊದಲು ಹೊರಡುವ ಬಸ್ ಹಿಡಿಯಿರಿ. ತಡ ಆಗುವುದು ಖಚಿತ ಅಂತ ಗೊತ್ತಾದ ಕ್ಷಣವೇ ಫೋನ್ ಮಾಡಿ. ಹತ್ತೂಕಾಲಿಗೆ ಫೋನ್ ಮಾಡಿ "ಹತ್ತಕ್ಕೆ ಬರಕ್ಕಾಗಲ್ಲ" ಅಂದರೆ ಏನು ಉಪಯೋಗ?

ಒಂದು ಮಾತು ಮನೆಯವರಿಗೆ. ಕೆಲಸಕ್ಕೆ ಹೋಗುವ ಮಗನನ್ನು ಅಮ್ಮ ಎಬ್ಬಿಸಿ, ಅಮ್ಮ ಶರ್ಟ್ ಇಸ್ತ್ರಿ ಮಾಡಿ, ಅಮ್ಮ ಡಬ್ಬಿ ಕೈಗೆ ಕೊಟ್ಟು ಕಳಿಸುವ ಮನೆಗಳು ಬಹಳ. ಅದೇ ಮನೆಯ ಮಗಳು ಅಡುಗೆಗೆ ಕೈಜೋಡಿಸಿ, ಪಾತ್ರೆ ತೊಳೆದು, ಆಮೇಲೆ ಕೆಲಸಕ್ಕೆ ಓಡುತ್ತಾಳೆ. ಇಬ್ಬರೂ ಒಂದೇ ಹೊತ್ತಿಗೆ ಅಂಗಡಿಯಲ್ಲಿರಬೇಕು. ಹೊಣೆ ಯಾರು ಕಲಿಯುತ್ತಿದ್ದಾರೆ, ಯಾರು ಕಲಿಯುತ್ತಿಲ್ಲ ಅಂತ ಬೇರೆ ಹೇಳಬೇಕಾ? ಮಗ ತನ್ನ ಅಲಾರಂ ತಾನೇ ಇಟ್ಟುಕೊಳ್ಳಲಿ, ತನ್ನ ತಟ್ಟೆ ತಾನೇ ತೊಳೆಯಲಿ. ಮಗಳ ಹೆಗಲ ಮೇಲಿನದು ಅರ್ಧ ಕಡಿಮೆಯಾಗಲಿ.

4. "ಆಯ್ತು" ಅನ್ನುವ ಮಾತನ್ನು ಜೋಪಾನ ಮಾಡಿ

ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ ಮೂರೇ ಉತ್ತರ ಇರಲಿ. ಆಗಿದೆ. ಆಗುತ್ತಿದೆ, ಇಷ್ಟು ಹೊತ್ತಿಗೆ ಮುಗಿಯುತ್ತದೆ. ಶುರುವಾಗಿಲ್ಲ, ಕಾರಣ ಇದು. "ಆಲ್ಮೋಸ್ಟ್ ಆಯ್ತು ಸಾರ್" ಅನ್ನುವ ನಾಲ್ಕನೆಯ ಉತ್ತರವನ್ನು ಬಿಟ್ಟುಬಿಡಿ. ಅದನ್ನು ನಂಬಿ ಸಾಹುಕಾರರು ಗಿರಾಕಿಗೆ ಮಾತು ಕೊಡುತ್ತಾರೆ, ಗಿರಾಕಿ ಹದಡಿಯಿಂದಲೋ ಆನಗೋಡಿನಿಂದಲೋ ಗಾಡಿ ಮಾಡಿಕೊಂಡು ಬರುತ್ತಾನೆ, ಬಂದರೆ ಕೆಲಸ ಆಗಿಲ್ಲ.

"ಆಗಿದೆ" ಅನ್ನಬೇಕಾದರೆ ಕೊನೆಯ ತುಣುಕೂ ಮುಗಿದಿರಬೇಕು. ವೈರಿಂಗ್ ಮಾಡುವವರು ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿ, ಕತ್ತರಿಸಿ ಬಿದ್ದ ವೈರಿನ ಚೂರು ಗುಡಿಸಿ, ಎಂಸಿಬಿ ಬಾಕ್ಸಿನಲ್ಲಿ ಯಾವ ಸ್ವಿಚ್ ಯಾವ ಕೋಣೆಯದು ಅಂತ ಬರೆದು ಅಂಟಿಸಿ ಹೊರಟರೆ ಆಗಿದೆ. ಅಡುಗೆಮನೆಯಲ್ಲಿ ಒಲೆ ಆರಿಸಿ, ಕಾವಲಿ ಉಜ್ಜಿ, ನಾಳೆಯ ಅಕ್ಕಿ ನೆನೆಹಾಕಿದರೆ ಆಗಿದೆ. ಕಂಪ್ಯೂಟರ್ ಮುಂದೆ ಕೂರುವವರು ಟೈಪ್ ಮಾಡಿದ ಹೆಸರು, ಆಧಾರ್ ನಂಬರ್, ಖಾತೆ ನಂಬರನ್ನು ಮೂಲ ಕಾಗದದ ಪಕ್ಕ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿದರೆ ಆಗಿದೆ. ಒಂದು ಅಂಕಿ ತಪ್ಪಿದ್ದಕ್ಕೆ ವಿಧವಾ ವೇತನ ನಿಂತುಹೋಗಿ ಒಬ್ಬ ಅಜ್ಜಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಟೈಪ್ ಮಾಡುವಾಗ ಆ ಅಜ್ಜಿಯ ಮುಖ ನಿಮಗೆ ಕಾಣುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

5. ತಪ್ಪಾದರೆ ಮೊದಲು ಹೇಳುವವರು ನೀವೇ ಆಗಿರಿ

ಕೆಲಸ ಮಾಡುವವರ ಕೈಯಲ್ಲಿ ತಪ್ಪು ಆಗಿಯೇ ಆಗುತ್ತದೆ. ಹೊಣೆ ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದು ಅದಾದ ನಂತರದ ಒಂದು ಗಂಟೆಯಲ್ಲಿ.

ಮೆಕ್ಕೆಜೋಳದ ಕಾಲದ ಮಂಡಿಯನ್ನು ನೆನಪಿಸಿಕೊಳ್ಳಿ. ಟ್ರ್ಯಾಕ್ಟರುಗಳ ಸಾಲು, ರಾಶಿ ರಾಶಿ ಚೀಲ, ಹಮಾಲರ ಕೂಗು, ಧೂಳು. ತೂಕ ಬರೆದುಕೊಳ್ಳುವ ಹುಡುಗ ಒಬ್ಬ ರೈತನ ಹತ್ತು ಚೀಲವನ್ನು ಇನ್ನೊಬ್ಬನ ಹೆಸರಿಗೆ ಬರೆದುಬಿಟ್ಟ ಅಂತಿಟ್ಟುಕೊಳ್ಳಿ. ಮಧ್ಯಾಹ್ನವೇ ಗೊತ್ತಾಯಿತು. ಆಗಲೇ ಹೇಳಿದರೆ ಇಬ್ಬರು ರೈತರೂ ಅಲ್ಲೇ ಇದ್ದಾರೆ, ಚೀಲಗಳೂ ಅಲ್ಲೇ ಇವೆ. ಎಣಿಸಿದರೆ ಮುಗಿಯಿತು. ಸಂಜೆವರೆಗೆ ಬಾಯಿ ಮುಚ್ಚಿಕೊಂಡಿದ್ದರೆ? ಮಾಲು ಲಾರಿ ಹತ್ತಿದೆ, ಪಟ್ಟಿ ಆಗಿದೆ, ಒಬ್ಬ ದುಡ್ಡು ತಗೊಂಡು ಊರು ಸೇರಿದ್ದಾನೆ, ಇನ್ನೊಬ್ಬನಿಗೆ ಆರು ತಿಂಗಳ ದುಡಿಮೆಯಲ್ಲಿ ಒಂದು ಪಾಲು ಕಾಣೆ. ತಪ್ಪು ಅದೇ. ಬೆಳೆದದ್ದು ಮೌನದಿಂದ.

ಹೇಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಏನಾಯಿತು ಅಂತ ಒಂದೇ ವಾಕ್ಯದಲ್ಲಿ. ಆಮೇಲೆ ಎಷ್ಟು ನಷ್ಟ, ಯಾರಿಗೆ. ನಾನು ಈಗಾಗಲೇ ಏನು ಮಾಡಿದ್ದೇನೆ. ನಿಮ್ಮಿಂದ ಏನು ಬೇಕು. "ಅಣ್ಣಾ, ಎರಡನೇ ಲಾಟಿನ ಹತ್ತು ಚೀಲ ಮೊದಲನೇ ಲಾಟಿಗೆ ಬರೆದಿದೀನಿ. ಲಾರಿ ಇನ್ನೂ ಹೊರಟಿಲ್ಲ, ಲೋಡ್ ನಿಲ್ಲಿಸೋಕೆ ಹೇಳಿದೀನಿ. ನೀವು ಒಂದ್ಸಲ ಬಂದು ನಿಂತರೆ ಇಬ್ಬರ ಎದುರಿಗೇ ಎಣಿಸಿಬಿಡೋಣ." ಇದರಲ್ಲಿ ಅಳು ಇಲ್ಲ. "ಪಕ್ಕದವನು ಮಾತಾಡಿಸಿದ, ಅದಕ್ಕೇ ತಪ್ಪಾಯ್ತು" ಅನ್ನುವುದೂ ಇಲ್ಲ. ಕಾರಣ ಕೇಳಿದರೆ ಆಮೇಲೆ ಹೇಳಿದರಾಯಿತು. ಮೊದಲು ಚೀಲ.

ಬೈಗುಳ ಬೀಳಬಹುದು. ಬೀಳಲಿ. ಅದು ಒಂದು ದಿನದ್ದು. ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ಸಾಹುಕಾರರ ಕಿವಿಗೆ ಬಿದ್ದರೆ, ಆಮೇಲೆ ನೀವು ಹೇಳುವ ನಿಜವನ್ನೂ ಎರಡು ಸಲ ತೂಗಿ ನೋಡುತ್ತಾರೆ.

ಅಂಗಡಿ ನಡೆಸುವವರಿಗೂ ಇಲ್ಲೊಂದು ಮಾತು ಹೇಳಲೇಬೇಕು. ತಪ್ಪು ಒಪ್ಪಿಕೊಂಡು ಬಂದ ಹುಡುಗನನ್ನು ಗಿರಾಕಿಗಳ ಎದುರು ಕೂಗಾಡಿ ಅವಮಾನ ಮಾಡಿದರೆ, ನೋಡುತ್ತಿರುವ ಉಳಿದವರೆಲ್ಲ ಅವತ್ತೇ ಮುಚ್ಚಿಡುವುದನ್ನು ಕಲಿಯುತ್ತಾರೆ. ಮೊದಲು "ಬೇಗ ಹೇಳಿದ್ದು ಒಳ್ಳೇದಾಯ್ತು" ಅನ್ನಿ. ಬುದ್ಧಿಮಾತು ಸಂಜೆ ಒಳಗೆ ಕರೆದು ಹೇಳಿ. ನಷ್ಟ ತುಂಬಿಸಿಕೊಳ್ಳಲು ಸಂಬಳಕ್ಕೆ ಕೈಹಾಕುವುದು ಅಂತೂ ಬೇಡ.

6. ದುಡ್ಡು ಮುಟ್ಟುವ ಕೆಲಸವಾದರೆ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಗಂಡ ಒಂದು ದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಅಂದವಳು ಲಕ್ಕಮ್ಮ. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನೂ ಹಗ್ಗದ ಬೆಲೆಗಿಂತ ಜಾಸ್ತಿ ಬಂದ ಹಣವನ್ನು ಒಪ್ಪಲಿಲ್ಲ ಅಂತ ಕಥೆಯಿದೆ. ಆತನ ಸಮಾಧಿ ನಮ್ಮ ಪಕ್ಕದ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿದೆ. ಕಾಯಕ ಅನ್ನುವುದನ್ನು ಭಾಷಣದಲ್ಲಿ ಬಳಸುವವರು ಬಹಳ. ಇವರಿಬ್ಬರು ಅದನ್ನು ಹಿಡಿ ಅಕ್ಕಿಯಲ್ಲಿ, ಹಗ್ಗದ ಬೆಲೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕೇ ನನಗೆ ಇವರು ಹತ್ತಿರದವರು ಅನಿಸುತ್ತಾರೆ.

ಗಲ್ಲಾದಲ್ಲಿ ಪಾಲಿಸಬೇಕಾದ್ದು ಇಷ್ಟು. ನಿಮ್ಮ ಸ್ವಂತ ದುಡ್ಡು ಮತ್ತು ಅಂಗಡಿಯ ದುಡ್ಡು ಒಂದೇ ಜೇಬಿನಲ್ಲಿ ಇರಬಾರದು. ಚಿಲ್ಲರೆ ಇಲ್ಲ ಅಂತ ನಿಮ್ಮ ಸ್ವಂತ ಫೋನಿನ ಸ್ಕ್ಯಾನರಿಗೆ ಗಿರಾಕಿಯಿಂದ ಹಣ ಹಾಕಿಸಿಕೊಳ್ಳಬೇಡಿ, ಮನಸ್ಸು ಎಷ್ಟೇ ಶುದ್ಧವಾಗಿದ್ದರೂ. "ಸಂಜೆ ಹಾಕ್ತೀನಿ" ಅಂತ ಗಲ್ಲಾದಿಂದ ನೂರು ರೂಪಾಯಿ ತೆಗೆಯಬೇಡಿ. ಬೇಕಾದರೆ ಕೇಳಿ, ಅಡ್ವಾನ್ಸ್ ಅಂತ ಬರೆಸಿ ತಗೊಳ್ಳಿ. ದಿನದ ಕೊನೆಗೆ ನಗದು, ಫೋನ್‌ಪೇ, ಉದ್ರಿ ಮೂರನ್ನೂ ಬೇರೆ ಬೇರೆ ಕೂಡಿಸಿ ಬರೆಯಿರಿ. ಹತ್ತು ರೂಪಾಯಿ ಕಮ್ಮಿ ಬಂದರೆ ಕಮ್ಮಿ ಅಂತಲೇ ಬರೆಯಿರಿ, ಜಾಸ್ತಿ ಬಂದರೆ ಜಾಸ್ತಿ ಅಂತ. ಕೈಯಿಂದ ಹಾಕಿ ಸರಿದೂಗಿಸಿದರೆ ಲೆಕ್ಕ ಸುಳ್ಳಾಗುತ್ತದೆ. ನಿಜವಾದ ತಪ್ಪು ಎಲ್ಲಿದೆ ಅಂತ ಯಾರಿಗೂ ಸಿಗುವುದಿಲ್ಲ.

7. ಹೊಣೆಗೂ ಒಂದು ಗಡಿ ಹಾಕಿಕೊಳ್ಳಿ

ಒಳ್ಳೆ ಕೆಲಸಗಾರರಿಗೆ ಒಂದು ಅಪಾಯ ಇದೆ. ಒಂದ್ಸಲ ಹೇಳಿದರೆ ಸಾಕು ಅಂತ ಗೊತ್ತಾದ ಮೇಲೆ ಎಲ್ಲವನ್ನೂ ಅವರಿಗೇ ಹೇಳುತ್ತಾರೆ. ಆಗ "ಆಗಲ್ಲ" ಅಂತ ಮುಖ ತಿರುಗಿಸುವುದೂ ಬೇಡ, ಎಲ್ಲವನ್ನೂ ಹೊತ್ತು ಎಲ್ಲವನ್ನೂ ಕೆಡಿಸುವುದೂ ಬೇಡ. "ಅಣ್ಣಾ, ಕೈಯಲ್ಲಿ ಈ ಎರಡು ಕೆಲಸ ಇದೆ. ಇದನ್ನ ಈಗ ಮಾಡಿದ್ರೆ ಅದು ನಾಳೆಗೆ ಹೋಗುತ್ತೆ. ಯಾವುದು ಮೊದಲು ಆಗಬೇಕು?" ಅಂತ ಕೇಳಿ. ತೀರ್ಮಾನ ಅವರದಾಗಲಿ.

ನಿಷ್ಠೆ ಅಂದರೆ ಪುಕ್ಕಟೆ ದುಡಿಮೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಹೊಣೆ ನಿಮಗೆ, ಮಾಲೀಕರ ಹೊಣೆ ಅವರಿಗೆ. ವಾರಕ್ಕೊಂದು ರಜೆ ನಿಮ್ಮ ಹಕ್ಕು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ, ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಕಾಯಿಲೆಗೆ ಚಿಕಿತ್ಸೆ ಕೊಡಿಸುವ ಸರ್ಕಾರಿ ವಿಮೆ ಇಎಸ್‌ಐ ಇರಬೇಕು. ಅದಕ್ಕೆ ನಿಮ್ಮ ಸಂಬಳದಿಂದ ಹೋಗುವುದು ಶೇಕಡಾ 0.75, ಮಾಲೀಕರು ಕಟ್ಟುವುದು ಶೇಕಡಾ 3.25. ಇಪ್ಪತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ ಪಿಎಫ್ (ಭವಿಷ್ಯ ನಿಧಿ) ಕೂಡ ಇರಬೇಕು. ಪಿಎಫ್ ಹಿಡಿದಿದ್ದಾರೆ ಅಂದರೆ ಖಾತೆಗೆ ಬಿತ್ತಾ ಅಂತ ಯುಎಎನ್ ನಂಬರ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಹಾಕಿ ನೀವೇ ತಿಂಗಳಿಗೊಮ್ಮೆ ನೋಡಿಕೊಳ್ಳಿ. ಇದೂ ನಿಮ್ಮ ಹೊಣೆಯೇ. ಸಂಬಳದ ಚೀಟಿ, ಹಾಜರಿ ಪುಸ್ತಕದ ಫೋಟೋ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಳಗಿನ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತದೆ. ಚಿಕ್ಕ ಜಾಗಗಳವರು ಜಿಲ್ಲಾ ಮಟ್ಟದ ಸಮಿತಿಗೆ ದೂರು ಕೊಡಬಹುದು. ಸಹಿಸಿಕೊಂಡು ಹೋಗುವುದನ್ನು ಯಾರೂ ಜವಾಬ್ದಾರಿ ಅಂತ ಕಲಿಸಬಾರದು.

8. ಕೆಲಸ ಬಿಡುವಾಗ

ಒಳ್ಳೆ ಅವಕಾಶ ಬಂದರೆ ಹೋಗಿ, ಅದರಲ್ಲಿ ತಪ್ಪಿಲ್ಲ. ಆದರೆ ಯುಗಾದಿಗೆ ಊರಿಗೆ ಹೋದವರು ಫೋನ್ ಸ್ವಿಚ್ ಆಫ್ ಮಾಡಿಕೊಂಡು ಮತ್ತೆ ಬರದೇ ಇರುವುದು ಚೆನ್ನಾಗಿಲ್ಲ. ಒಂದು ತಿಂಗಳು ಮೊದಲೇ ಬರೆದು ಕೊಡಿ, ಕೊಟ್ಟದ್ದಕ್ಕೆ ಒಂದು ಪ್ರತಿ ಇಟ್ಟುಕೊಳ್ಳಿ. ನಿಮ್ಮ ಜಾಗಕ್ಕೆ ಬಂದವರಿಗೆ ಕೆಲಸ ತೋರಿಸಿಕೊಡಿ. ಯಾವ ಗಿರಾಕಿಯ ಉದ್ರಿ ಎಷ್ಟು, ಯಾವ ಆರ್ಡರ್ ಅರ್ಧಕ್ಕೆ ನಿಂತಿದೆ, ಯಾವ ಬೀಗ ಒಂದ್ಸಲ ಎಳೆದು ತಿರುಗಿಸಬೇಕು ಅನ್ನುವುದೆಲ್ಲ ಎರಡು ಪುಟ ಬರೆದಿಡಿ. ಮೊದಲ ವಾರದಿಂದ ಬರೆದ ನೋಟ್‌ಬುಕ್ ಇದ್ದರೆ ಇದು ಒಂದು ಸಂಜೆಯ ಕೆಲಸ.

ಪಿಎಫ್ ಹಣವನ್ನು ಕೆಲಸ ಬದಲಿಸಿದಾಗಲೆಲ್ಲ ತೆಗೆದುಬಿಡುವ ಅಭ್ಯಾಸ ನಮ್ಮ ಹುಡುಗರಲ್ಲಿ ಜಾಸ್ತಿ. ತೀರಾ ಕಷ್ಟ ಇಲ್ಲದಿದ್ದರೆ ತೆಗೆಯಬೇಡಿ. ಹಳೆಯ ಯುಎಎನ್ ನಂಬರನ್ನೇ ಹೊಸ ಕಡೆ ಕೊಟ್ಟು ವರ್ಗಾಯಿಸಿಕೊಳ್ಳಿ. ಪಿಎಫ್ ಜೊತೆ ಸಿಗುವ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು, ಬೇರೆ ಬೇರೆ ಕಡೆ ದುಡಿದ ವರ್ಷಗಳೂ ಅದರಲ್ಲಿ ಸೇರುತ್ತವೆ.

ಕೊನೆಯ ದಿನ ಕೀಲಿಕೈ, ಅಂಗಡಿಯ ಸಿಮ್, ಯೂನಿಫಾರ್ಮ್, ಗಲ್ಲಾದ ಲೆಕ್ಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಒಪ್ಪಿಸಿ. ಪಡೆದುಕೊಂಡವರ ಸಹಿ, ತಾರೀಖು ಹಾಕಿಸಿ. ಅನುಭವ ಪತ್ರ ಮತ್ತು ಬಾಕಿ ಸಂಬಳವನ್ನು ಅವತ್ತೇ ಕೇಳಿ, ಅವತ್ತು ಸಿಗದಿದ್ದರೆ ಯಾವ ದಿನ ಅಂತ ಬರೆಸಿಕೊಳ್ಳಿ. ಹೊಸಬರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಮೊದಲ ಹದಿನೈದು ದಿನ ಏನಾದರೂ ಕೇಳಬೇಕಾದರೆ ಸಂಜೆ ಏಳರ ಮೇಲೆ ಫೋನ್ ಮಾಡಲು ಹೇಳಿ.